ಸ್ಪಾಸಂ ಜಾಸ್ತಿ ಆಯ್ತು, ಮಾತ್ರೆ ಅಷ್ಟೇ ಇದೆ

18 ಜನವರಿ 2024, ಗುರುವಾರ

ಬೆನ್ನುಹುರಿಗೆ ಪೆಟ್ಟು ಬಿದ್ದು ವೀಲ್‌ಚೇರ್‌ನಲ್ಲಿರೋ ನನಗೆ ಈ ವಾರ ಪೂರ್ತಿ ಕಾಲುಗಳದ್ದೇ ದರ್ಬಾರು, ಅಂದ್ರೆ ಸ್ಪಾಸಂ, ಸ್ನಾಯು ತಾನಾಗೇ ಬಿಗಿದು ಎಳೆಯೋದು. ರಾತ್ರಿ ಮಗ್ಗುಲಾದ್ರೆ ಸಾಕು, ಮೊಣಕಾಲು ತಾನಾಗೇ ಎದೆ ಕಡೆಗೆ ಮಡಚ್ಕೊಂಡು ಬರತ್ತೆ, ಬಿಡಿಸಿದ್ರೆ ಮತ್ತೆ ಬರತ್ತೆ, ಅಮ್ಮ ಎದ್ದು ಬಂದು ಎರಡೂ ಕಾಲ ಮಧ್ಯ ದಿಂಬು ಇಟ್ಟು ಹೋಗ್ತಾಳೆ, ಅವಳು ಬಾಗಿಲು ದಾಟೋಕೂ ಮುಂಚೆ ದಿಂಬು ನೆಲದ ಮೇಲೆ. ಬೆಳಿಗ್ಗೆ ವೀಲ್‌ಚೇರ್‌ಗೆ ಬರೋವಾಗ ಎಲ್ಲಾ ಉಲ್ಟಾ, ಮಡಚಬೇಕಾದ ಕಾಲು ನೆಟ್ಟಗೆ ಸೆಟೆದು ಸೊಂಟನ ಸೀಟಿಂದ ಮುಂದಕ್ಕೆ ತಳ್ಳತ್ತೆ. ಪಾದ ಫುಟ್‌ರೆಸ್ಟ್ ಮೇಲಿಟ್ಟ ತಕ್ಷಣ ಹಿಮ್ಮಡಿ ಟಕಟಕ ಕುಣಿಯೋಕೆ ಶುರು, ಇದಕ್ಕೆ ಕ್ಲೋನಸ್ ಅಂತಾರೆ, ಮೊಣಕಾಲ ಮೇಲೆ ಅಂಗೈ ಊರಿ ನಿಧಾನವಾಗಿ ಕೆಳಗೆ ಒತ್ತಿ ಹಿಮ್ಮಡಿ ಪೂರ್ತಿ ಕೂರೋ ಹಾಗೆ ಮಾಡಿದ್ರೆ ನಿಲ್ಲತ್ತೆ. ನೋಡೋರಿಗೆ ಗಾಬರಿ, ನನಗೆ ಬರೀ ಕಿರಿಕಿರಿ.

ಅಣ್ಣಂದು ಒಂದೇ ರಾಗ, "ಬ್ಯಾಕ್ಲೋಫೆನ್ ಡೋಸ್ ಏರಿಸೋಕೆ ಹೇಳೋ, ದಿನಕ್ಕೆ 80 ಮಿಲಿಗ್ರಾಂ ತನಕ ಕೊಡ್ತಾರಂತೆ." ಬ್ಯಾಕ್ಲೋಫೆನ್ ಅಂದ್ರೆ ಈ ಬಿಗಿ ಸಡಿಲ ಮಾಡೋಕೆ ನಾನು ತಗೊಳ್ಳೋ ಮಾತ್ರೆ. ಕೊಡ್ತಾರೆ ನಿಜ, ದಿನಕ್ಕೆ ಮೂರು ಸಲ 5 ಮಿಲಿಗ್ರಾಂನಿಂದ ಶುರು ಮಾಡಿ ಕೆಲವು ದಿನಕ್ಕೊಂದ್ಸಲ ಸ್ವಲ್ಪ ಸ್ವಲ್ಪ ಏರಿಸ್ತಾ ಹೋಗ್ತಾರೆ. ಆದ್ರೆ ಇವತ್ತು ರಿಹ್ಯಾಬ್ ಡಾಕ್ಟ್ರು ಪ್ರಿಸ್ಕ್ರಿಪ್ಷನ್ ಮುಟ್ಟಲೇ ಇಲ್ಲ. ಯೂರಿನ್ ವಾಸನೆ ಬರ್ತಿದ್ಯಾ, ಬಣ್ಣ ಬದಲಾಗಿದ್ಯಾ, ಮೋಷನ್ ಸರಿಯಾಗಿ ಆಗ್ತಿದ್ಯಾ, ಹೊಸ ಕುಶನ್ ಏನಾದ್ರೂ ತಗೊಂಡ್ರಾ, ಪ್ಯಾಂಟ್ ಟೈಟ್ ಇದ್ಯಾ, ಬರೀ ಇವೇ ಪ್ರಶ್ನೆ. ಆಮೇಲೆ ಮಗ್ಗುಲು ಮಾಡಿಸಿ ಸೊಂಟದ ಕೆಳಗೆ ಚರ್ಮ ನೋಡಿದ್ರು, ಬೆಡ್ ಸೋರ್ ಏನಿಲ್ಲ. ಕೊನೆಗೆ ಸಾಕ್ಸ್ ಬಿಚ್ಚಿಸಿದ್ರು. ಎಡಗಾಲ ಹೆಬ್ಬೆರಳ ಉಗುರು ಒಂದು ಬದಿಯಲ್ಲಿ ಮಾಂಸದೊಳಗೆ ಬೆಳೆದು ಸುತ್ತ ಕೆಂಪಗೆ ಊದ್ಕೊಂಡಿದೆ, ಒತ್ತಿದ್ರೆ ಒಂಚೂರು ಕೀವು. ಅವರು ಒತ್ತಿದ್ದಕ್ಕೆ ನನಗೇನೂ ಗೊತ್ತಾಗ್ಲಿಲ್ಲ, ಆದ್ರೆ ಕಾಲು ಮಾತ್ರ ಛಂಗನೆ ಮೇಲಕ್ಕೆ ಎಗರ್ತು. "ನೋಡಿ, ನಿಮಗೆ ಗೊತ್ತಾಗ್ದೇ ಇದ್ರೂ ಬೆನ್ನುಹುರಿಗೆ ಗೊತ್ತಾಗಿದೆ" ಅಂದ್ರು.

ವಿಷಯ ಇಷ್ಟೇ. ನನಗೆ ಪೆಟ್ಟು ಬಿದ್ದಿರೋದು ಟಿ8 ಹತ್ರ, ಅಂದ್ರೆ ಎದೆ ಭಾಗದ ಎಂಟನೇ ಬೆನ್ನುಮೂಳೆ ಮಟ್ಟದಲ್ಲಿ, ಅದೂ ಅರ್ಧಂಬರ್ಧ. ಅದರ ಕೆಳಗಿನ ಬೆನ್ನುಹುರಿ ಸತ್ತಿಲ್ಲ, ಅಲ್ಲಿನ ರಿಫ್ಲೆಕ್ಸ್‌ಗಳೆಲ್ಲ, ಅಂದ್ರೆ ಮಿದುಳನ್ನ ಕೇಳದೇ ತಾನಾಗೇ ಆಗೋ ಪ್ರತಿಕ್ರಿಯೆಗಳು, ಜೀವಂತ ಇವೆ, ಮಿದುಳಿಂದ ಬರಬೇಕಾದ "ಸಾಕು, ಸುಮ್ನಿರು" ಅನ್ನೋ ಸಂದೇಶ ಮಾತ್ರ ಕೆಳಗೆ ಸರಿಯಾಗಿ ತಲುಪ್ತಿಲ್ಲ. ಹಂಗಾಗಿ ಉಗುರಿನ ನೋವೋ, ತುಂಬಿದ ಮೂತ್ರಕೋಶವೋ, ಮಲಬದ್ಧತೆಯೋ, ಚಳಿಯೋ, ಏನೇ ಬಂದ್ರೂ ಬೆನ್ನುಹುರಿ ಕೊಡೋ ಉತ್ತರ ಒಂದೇ, ಕಾಲು ಎಳಿ. ಆಕ್ಸಿಡೆಂಟ್ ಆದ ಹೊಸದರಲ್ಲಿ ಸ್ಪೈನಲ್ ಶಾಕ್ ಅಂತ ಕಾಲು ಮೆತ್ತಗೆ ಬಿದ್ದಿತ್ತು, ಆಮೇಲೆ ಬಿಗಿ ಶುರುವಾದಾಗ ಮನೇಲೆಲ್ಲ ಕಾಲಿಗೆ ಶಕ್ತಿ ವಾಪಸ್ ಬರ್ತಿದೆ ಅಂತ ಖುಷಿಪಟ್ರು. ಸ್ಪಾಸಂ ಬರೋದೂ ನಾವಾಗಿ ಕಾಲು ಆಡಿಸೋದೂ ಬೇರೆ ಬೇರೆ ಅಂತ ಅವರಿಗೆ ಬಿಡಿಸಿ ಹೇಳೋ ಕಷ್ಟ ಯಾರಿಗೂ ಬೇಡ. ಟಿ6 ಮತ್ತು ಅದರ ಮೇಲೆ ಇಂಜುರಿ ಇರೋರು ಇದನ್ನ ಓದ್ತಿದ್ರೆ ಒಂದು ಮಾತು, ನಿಮ್ಮಲ್ಲಿ ಇದೇ ಚಿಕ್ಕ ಉಗುರು ಬಿಪಿಯನ್ನ ಸಿಕ್ಕಾಪಟ್ಟೆ ಏರಿಸಬಹುದು, ತಲೆ ಸಿಡಿಯೋ ಹಾಗೆ ನೋವು, ಮುಖ ಕೆಂಪಾಗಿ ಬೆವರೋದು, ಅದು ಎಮರ್ಜೆನ್ಸಿ, ತಕ್ಷಣ ನೆಟ್ಟಗೆ ಕೂತು ಕಾರಣ ಹುಡುಕಿ, ಕಡಿಮೆ ಆಗದಿದ್ರೆ ಆಸ್ಪತ್ರೆಗೆ ಹೊರಡಿ.

ಆಮೇಲೆ ಕಾಲು ಟೆಸ್ಟ್. ಮೊಣಕಾಲನ್ನ ನಿಧಾನ ಮಡಚಿದ್ರು, ಆರಾಮಾಗಿ ಬಂತು. ಅದನ್ನೇ ಜೋರಾಗಿ ಮಡಚಿದ್ರು, ಅರ್ಧದಲ್ಲಿ ಗಕ್ಕನೆ ಹಿಡ್ಕೊಳ್ತು. ಸ್ಪಾಸ್ಟಿಸಿಟಿ ಅನ್ನೋ ಈ ಸ್ನಾಯು ಬಿಗಿತದ ಗುರುತೇ ಇದು, ಸ್ನಾಯುನ ಎಷ್ಟು ಬೇಗ ಎಳೀತೀವೋ ಅಷ್ಟು ಜೋರಾಗಿ ವಿರೋಧ. ಬಿಗಿ ಎಷ್ಟಿದೆ ಅಂತ ಅಳೆಯೋಕೆ ಮಾಡಿಫೈಡ್ ಆಶ್‌ವರ್ಥ್ ಅನ್ನೋ ಸ್ಕೇಲ್‌ನಲ್ಲಿ 0ಯಿಂದ 4ರವರೆಗೆ ನಂಬರ್ ಕೊಡ್ತಾರೆ, ಬಿಗಿ ಹೆಚ್ಚಾದಷ್ಟೂ ನಂಬರ್ ಹೆಚ್ಚು, ಮಧ್ಯದಲ್ಲೊಂದು 1+ ಬೇರೆ. ನನಗೆ ಒಳತೊಡೆಗೆ 3, ಉಳಿದಿದ್ದೆಲ್ಲ 2ರ ಆಸುಪಾಸು. ರಾತ್ರಿ ದಿಂಬು ಹಾರೋದಕ್ಕೆ ಆ ಸ್ಕೇಲ್‌ನಲ್ಲಿ ಜಾಗ ಇಲ್ಲ.

ಡೋಸ್ ಏರಿಸಬೇಡಿ ಅಂತ ನಾನೇ ಕೇಳ್ಕೊಂಡೆ. ಹಿಂದೊಂದ್ಸಲ ಏರಿಸಿದಾಗ ಸ್ಪಾಸಂ ಕಡಿಮೆ ಆಗಿತ್ತು ನಿಜ, ಜೊತೆಗೆ ದಿನವಿಡೀ ತೂಕಡಿಕೆ, ಮತ್ತೆ ಬೆಡ್‌ನಿಂದ ಚೇರ್‌ಗೆ ಬರೋವಾಗ ಕಾಲು ಮೆತ್ತಗಾಗಿ ಕುಸಿಯೋದು. ನಾನು ಆ ಬಿಗಿಯನ್ನ ನಂಬ್ಕೊಂಡಿದೀನಿ ಕಣ್ರೀ! ಮೊಣಕಾಲು ಸೆಟೆದಾಗ ಅದರ ಮೇಲೆ ಭಾರ ಹಾಕಿ ಒಂದು ಕ್ಷಣ ನಿಂತು ತಿರುಗಿ ಕೂರ್ತೀನಿ, ಆ ಬಿಗಿ ಪೂರ್ತಿ ಹೋದ್ರೆ ನನ್ನ ಎತ್ತೋಕೆ ಇನ್ನೊಬ್ಬರು ಬೇಕು. ಸೊನ್ನೆಗೆ ಇಳಿಸೋದೇ ಗುರಿ ಅನ್ನೋ ಥರ ಮಾತಾಡೋರು ಯಾವತ್ತೂ ಹೀಗೆ ಬೆಡ್‌ನಿಂದ ಚೇರ್‌ಗೆ ಟ್ರಾನ್ಸ್‌ಫರ್ ಮಾಡಿ ನೋಡಿಲ್ಲ ಅನ್ಸತ್ತೆ. ಹಾಗಂತ ಮಾತ್ರೆನ ನಾನೇ ನಿಲ್ಲಿಸೋ ಹುಚ್ಚುತನಾನೂ ಇಲ್ಲ, ಬ್ಯಾಕ್ಲೋಫೆನ್ ಏಕಾಏಕಿ ಬಿಟ್ರೆ ಸ್ಪಾಸಂ ದುಪ್ಪಟ್ಟಾಗೋದಲ್ದೆ ಜ್ವರ, ಭ್ರಮೆ, ಫಿಟ್ಸ್ ತನಕ ಹೋಗಬಹುದು, ಇಳಿಸೋದಾದ್ರೂ ಡಾಕ್ಟ್ರ ಕಣ್ಣೆದುರು ಮೆಲ್ಲಗೇ ಇಳಿಸಬೇಕು.

ರಾತ್ರಿಗೆ ಟೈಜಾನಿಡಿನ್ ಅಂತ ಬಿಗಿ ಇಳಿಸೋ ಇನ್ನೊಂದು ಮಾತ್ರೆ ಕೂಡ ತಗೋತೀನಲ್ಲ, ಅದರ ಬಗ್ಗೆ ಡಾಕ್ಟ್ರು ಮತ್ತೆ ಎಚ್ಚರಿಸಿದ್ರು. ಮುಂದೆ ಯೂರಿನ್ ಇನ್ಫೆಕ್ಷನ್ ಅಂತ ಯಾರಾದ್ರೂ ಸಿಪ್ರೊಫ್ಲಾಕ್ಸಾಸಿನ್ ಅನ್ನೋ ಆಂಟಿಬಯಾಟಿಕ್ ಬರೆಯೋಕೆ ಹೋದ್ರೆ ಮೊದಲು ಟೈಜಾನಿಡಿನ್ ವಿಷಯ ಹೇಳಬೇಕು, ಎರಡೂ ಒಟ್ಟಿಗೆ ಕೊಡೋ ಹಾಗೇ ಇಲ್ಲ, ಟೈಜಾನಿಡಿನ್ ರಕ್ತದಲ್ಲಿ ಏರಿ ಬಿಪಿ ಪಾತಾಳಕ್ಕೆ ಇಳಿಯತ್ತೆ. ನಮ್ಮಂಥೋರಿಗೆ ಯೂರಿನ್ ಇನ್ಫೆಕ್ಷನ್ ಬಂದು ಹೋಗೋ ನೆಂಟ, ಹಾಗಾಗಿ ಫೋನ್‌ನಲ್ಲಿ ಬರೆದಿಟ್ಕೊಂಡೆ. ಟೈಜಾನಿಡಿನ್ ತಗೊಳ್ಳೋದ್ರಿಂದ ಲಿವರ್ ಟೆಸ್ಟ್‌ಗೂ ಬ್ಲಡ್ ಕೊಟ್ಟೆ.

ಫಿಸಿಯೋ ಹತ್ರ ಸ್ಟ್ರೆಚ್ ಬಗ್ಗೆ ಸ್ವಲ್ಪ ವಾದ ಆಯ್ತು. 2017ರ ಕಾಕ್ರೇನ್ ರಿವ್ಯೂ (ಹಲವು ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡೋ ವರದಿ) ಪ್ರಕಾರ ನರದ ತೊಂದರೆ ಇರೋರಲ್ಲಿ ಕೆಲವು ತಿಂಗಳು ಸ್ಟ್ರೆಚ್ ಮಾಡಿದ್ರಿಂದ ಕೀಲು ಆಡೋದ್ರಲ್ಲಿ ಹೇಳಿಕೊಳ್ಳೋವಂಥ ವ್ಯತ್ಯಾಸ ಆಗಲ್ಲ. ಅವರೂ ಒಪ್ಪಿದ್ರು, "ಆದ್ರೂ ಬಿಡಬೇಡಿ" ಅಂದ್ರು. ನಂದೂ ಅದೇ ಲೆಕ್ಕ, ಮೀನಖಂಡನ ಮೆಲ್ಲಗೆ ಎಳೆದು ಹಿಡಿದ್ರೆ, ಇಲ್ಲಾ ಸ್ಟ್ಯಾಂಡಿಂಗ್ ಫ್ರೇಮ್‌ನಲ್ಲಿ ನಿಂತು ಬಂದ್ರೆ, ಆಮೇಲೆ ಸ್ವಲ್ಪ ಹೊತ್ತು ಬಟ್ಟೆ ಹಾಕೋದು ಸಲೀಸು, ನನಗೆ ಅಷ್ಟು ಸಾಕು. ಅಲ್ಲೇ ಬರೋ ಒಬ್ಬರಿಗೆ ಹೊಟ್ಟೆ ಚರ್ಮದ ಕೆಳಗೆ ಬ್ಯಾಕ್ಲೋಫೆನ್ ಪಂಪ್ ಇದೆ, ಔಷಧ ನೇರ ಬೆನ್ನುಹುರಿ ಸುತ್ತಲಿನ ದ್ರವಕ್ಕೆ ಹೋಗೋದ್ರಿಂದ ಡೋಸ್ ಮೈಕ್ರೋಗ್ರಾಂ ಲೆಕ್ಕದಲ್ಲಿ, ತೂಕಡಿಕೆ ಕಡಿಮೆ. ಆದ್ರೆ ರೀಫಿಲ್ ತಪ್ಪಿದ್ರೆ ಜೀವಕ್ಕೇ ಕುತ್ತು, ನನ್ನ ಸ್ಥಿತಿಗೆ ಸದ್ಯಕ್ಕೆ ಅದು ಬೇಡ.

ಉಗುರಿನ ಬದಿ ಕತ್ತರಿಸಿ ಡ್ರೆಸ್ಸಿಂಗ್ ಮಾಡಿ ಕಳಿಸಿದಾರೆ. ಅದು ವಾಸಿಯಾದ ಮೇಲೂ ಒಳತೊಡೆ ಹೀಗೇ ಕತ್ತರಿ ಹಾಕ್ಕೊಂಡು ಮೂತ್ರದ ಕ್ಯಾತಿಟರ್ ಹಾಕೋಕೆ ಬಿಡದಿದ್ರೆ ಸ್ನಾಯುಗೆ ಬೊಟಾಕ್ಸ್ ಇಂಜೆಕ್ಷನ್ ಕೊಟ್ಟು ನೋಡೋಣ ಅಂದ್ರು. ಒಂದೆರಡು ವಾರದಲ್ಲಿ ಪರಿಣಾಮ ಗೊತ್ತಾಗತ್ತೆ, ಸುಮಾರು ಮೂರು ತಿಂಗಳು ಇರತ್ತೆ, ಚುಚ್ಚಿದ ಸ್ನಾಯು ಮಾತ್ರ ಸಡಿಲ ಆಗತ್ತೆ. ಒಳತೊಡೆಗೆ ಸರಿ, ನಿಲ್ಲೋವಾಗ ಮೊಣಕಾಲು ಸೆಟೆಸೋ ತೊಡೆ ಮುಂಭಾಗ ಮಾತ್ರ ಮುಟ್ಟಬೇಡಿ ಅಂತ ಈಗ್ಲೇ ಹೇಳಿ ಬಂದಿದೀನಿ. ಅಣ್ಣಂಗೆ ಇನ್ನೂ ಸಮಾಧಾನ ಇಲ್ಲ, ಉಗುರಿಗೂ ಸ್ಪಾಸಂಗೂ ಎಲ್ಲಿಯ ಸಂಬಂಧ ಅಂತ ಗೊಣಗ್ತಾನೇ ಆಂಟಿಬಯಾಟಿಕ್ ತರೋಕೆ ಹೋಗಿದಾನೆ.