ನನ್ನ ಪಾಲಿಗೆ ಜಿ.ವಿ. ಅಯ್ಯರ್ ಮೊದಲು ಬರಹಗಾರ

ಜಿ.ವಿ. ಅಯ್ಯರ್ ಅಂದ ಕೂಡಲೇ ಜನ ಎರಡು ವಿಷಯ ಹೇಳುತ್ತಾರೆ. ಒಂದು, ಅವರು ಬರಿಗಾಲಲ್ಲೇ ಓಡಾಡುತ್ತಿದ್ದರು. ಇನ್ನೊಂದು, ದೇಶದ ಮೊದಲ ಸಂಸ್ಕೃತ ಸಿನಿಮಾ ಮಾಡಿದರು. ಎರಡೂ ನಿಜ. ಆದರೆ ಅವರು ಬರಹಗಾರ, ಅದರಲ್ಲೂ ನಾಟಕದ ಕಂಪನಿಯಲ್ಲಿ ಬೆಳೆದ ಬರಹಗಾರ ಅನ್ನೋದು ಮಾತಿನ ನಡುವೆ ಎಲ್ಲೋ ಕಳೆದುಹೋಗುತ್ತದೆ. ನನಗೆ ಮುಖ್ಯ ಅನಿಸುವುದು ಅದೇ.

ಇದಕ್ಕೆ ಕಾರಣವೂ ಇದೆ. ನಾನು ರೆಪರ್ಟರಿಯಲ್ಲಿ, ಅಂದರೆ ಕಾಯಂ ನಾಟಕ ತಂಡದಲ್ಲಿ, ಊರೂರು ತಿರುಗಿ ನಟಿಸಿದವಳು. ಈಗ ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತೇನೆ. ತಾಲ್ಲೂಕು ಊರಿನ ಕಲ್ಯಾಣ ಮಂಟಪದಲ್ಲಿ ಆಡುವಾಗ ಹಿಂದಿನ ಸಾಲಿನವರು ಕೆಮ್ಮೋಕೆ ಶುರು ಮಾಡಿದರೆ ಸೀನ್ ಉದ್ದವಾಯ್ತು ಅಂತ ನಮಗೆ ಅಲ್ಲೇ ಗೊತ್ತಾಗುತ್ತಿತ್ತು. ಮಾರನೇ ದಿನ ಎರಡು ಮಾತು ಬಿಟ್ಟು ಆಡುತ್ತಿದ್ದೆವು. ಟಿವಿಯಲ್ಲಿ ಆ ಕೆಮ್ಮು ಕೇಳಿಸುವುದಿಲ್ಲ. ಗುರುವಾರ ಟಿಆರ್‌ಪಿ ಬರುವವರೆಗೆ ಕಾಯಬೇಕು. ಅದು ಕೂಡ ಯಾವ ಮಾತು ಜಾಸ್ತಿಯಾಯ್ತು ಅಂತ ಹೇಳುವುದಿಲ್ಲ. ಹಾಗಾಗಿ ರಂಗದಿಂದ ಬಂದು ಪರದೆಗೆ ಬರೆದವರು ಇದನ್ನು ಹೇಗೆ ನಿಭಾಯಿಸಿದರು ಅಂತ ಹುಡುಕುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಹುಡುಕಿದಾಗೆಲ್ಲ ಅಯ್ಯರ್ ಹತ್ತಿರವೇ ಬಂದು ನಿಲ್ಲುತ್ತೇನೆ.

ಅವರು ಹುಟ್ಟಿದ್ದು 1917ರಲ್ಲಿ, ನಂಜನಗೂಡಿನಲ್ಲಿ. ಎಂಟನೇ ವಯಸ್ಸಿಗೇ ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. ಆ ಕಾಲದ ಕಂಪನಿ ಅಂದರೆ ಹುಡುಗರಿಗೆ ಅದೇ ಮನೆ, ಅದೇ ಶಾಲೆ. ಮಾತು ಉರು ಹೊಡೆಯಬೇಕು, ಹಾಡು ಕಲಿಯಬೇಕು, ಪರದೆ ಎಳೆಯಬೇಕು. ಮೈಕ್ ಇಲ್ಲದ ಕಾಲ. ಕೊನೆಯ ಸಾಲಿನವನಿಗೂ ಮಾತು ಮುಟ್ಟಬೇಕು. ಹಾಗೆ ಬೆಳೆದವರ ಕಿವಿಯಲ್ಲಿ ಮಾತಿನ ಲಯ ಗಟ್ಟಿಯಾಗಿ ಕೂತುಬಿಡುತ್ತದೆ. 1943ರ 'ರಾಧಾರಮಣ'ದಲ್ಲಿ ನಟನಾಗಿ ಅವರು ಸಿನಿಮಾಕ್ಕೆ ಬಂದರು.

1954ರ 'ಬೇಡರ ಕಣ್ಣಪ್ಪ' ಮೊದಲು ರಂಗದ ಮೇಲೆ ಗೆದ್ದ ಕಥೆ. ನಿರ್ದೇಶಕ ಎಚ್.ಎಲ್.ಎನ್. ಸಿಂಹ, ನಾಯಕ ರಾಜ್‌ಕುಮಾರ್, ಹಾಸ್ಯಕ್ಕೆ ನರಸಿಂಹರಾಜು, ಎಲ್ಲರೂ ನಾಟಕದವರೇ. ಅಯ್ಯರ್ ಅದರಲ್ಲಿ ಬರಹಗಾರರೂ ಹೌದು, ನಟರೂ ಹೌದು. ಅಲ್ಲಿಂದ ಮುಂದೆ ಚಿತ್ರಕಥೆ, ಸಂಭಾಷಣೆ, ಹಾಡು ಅಂತ ಅವರ ಕೈ ನಿಲ್ಲಲೇ ಇಲ್ಲ.

ಆಗ ಕನ್ನಡ ಚಿತ್ರಗಳು ತಯಾರಾಗುತ್ತಿದ್ದದ್ದು ಮದರಾಸಿನಲ್ಲಿ. ಚಿತ್ರಗಳೇ ಕಡಿಮೆ, ಹಾಗಾಗಿ ಕಲಾವಿದರಿಗೆ ಕೆಲಸವೂ ಕಡಿಮೆ. ಆಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿದರು. ನಮ್ಮ ನಾಡಿನ ಊರುಗಳಲ್ಲಿ ನಾಟಕ ಆಡಿದರು. 1960ರಲ್ಲಿ ತಾವೇ ನಿರ್ಮಾಪಕರಾಗಿ 'ರಣಧೀರ ಕಂಠೀರವ' ತೆರೆಗೆ ತಂದರು. ಬರವಣಿಗೆ ಅಯ್ಯರ್ ಅವರದು. ಸಿನಿಮಾದಲ್ಲಿ ಕೆಲಸ ಇಲ್ಲದಾಗ ಅವರ ಕೈ ಹಿಡಿದದ್ದು ರಂಗವೇ. ಈ ಪ್ರಸಂಗ ನೆನೆದರೆ ನನಗೆ ಈಗಲೂ ಎದೆ ತುಂಬಿ ಬರುತ್ತದೆ.

ಆದರೆ ನನ್ನನ್ನು ನಿಜಕ್ಕೂ ಹಿಡಿದು ಕೂರಿಸಿದ್ದು ಅಯ್ಯರ್ ನಿರ್ದೇಶಿಸಿದ 1975ರ 'ಹಂಸಗೀತೆ'. ತ.ರಾ.ಸು. ಅವರ ಕಾದಂಬರಿ. ಅನಂತ್‌ನಾಗ್ ಅಭಿನಯ. ಚಿತ್ರದುರ್ಗದ ಸಂಗೀತಗಾರ ವೆಂಕಟಸುಬ್ಬಯ್ಯ ತನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳುವ ಕಥೆ. ಯೋಚಿಸಿ ನೋಡಿ. ಕಂಪನಿ ನಾಟಕದ ಉದ್ದುದ್ದ ಮಾತು ಕೇಳಿ ಬೆಳೆದವರು, ಇಪ್ಪತ್ತು ವರ್ಷ ಬೇರೆಯವರ ಬಾಯಿಗೆ ಮಾತು ಬರೆದವರು, ಆರಿಸಿಕೊಂಡದ್ದು ಇಂಥ ಕಥೆ! ಅಲ್ಲಿ ರಾಗ ಮಾತಾಡುತ್ತದೆ, ಕಲ್ಲಿನ ಕೋಟೆ ಮಾತಾಡುತ್ತದೆ. ಪಾತ್ರಗಳು ಎಷ್ಟು ಬೇಕೋ ಅಷ್ಟೇ ಮಾತಾಡುತ್ತವೆ. ಮಾತಿನ ಮೇಲೆ ಹಿಡಿತ ಇದ್ದವರಿಗೆ ಮಾತ್ರ ಅದನ್ನು ಹೀಗೆ ಬಿಡೋಕೆ ಧೈರ್ಯ ಬರುತ್ತದೆ ಅಂತ ನನ್ನ ನಂಬಿಕೆ.

ಹಾಗಾದರೆ ರಂಗವನ್ನು ಬಿಟ್ಟುಬಿಟ್ಟರಾ? ಇಲ್ಲ. 1983ರ 'ಆದಿ ಶಂಕರಾಚಾರ್ಯ' ನೋಡಿ, ಮೊದಲು ಹೇಳಿದ ಆ ಸಂಸ್ಕೃತ ಸಿನಿಮಾ ಇದೇ. ಜೀವ, ಬ್ರಹ್ಮ ಎರಡೂ ಒಂದೇ ಅನ್ನೋ ಅದ್ವೈತವನ್ನು ಪರದೆ ಮೇಲೆ ತೋರಿಸುವುದು ಹೇಗೆ? ಬೇರೆ ಯಾರಾದರೂ ಆಗಿದ್ದರೆ ಉದ್ದನೆಯ ಪ್ರವಚನ ಬರೆದುಬಿಡುತ್ತಿದ್ದರು. ಅಯ್ಯರ್ ಮೃತ್ಯು ಮತ್ತು ಪ್ರಜ್ಞೆಯನ್ನು ಮನುಷ್ಯರನ್ನಾಗಿ ಮಾಡಿದರು. ಇಬ್ಬರೂ ಶಂಕರನ ಜೊತೆಗಾರರು, ಅವನು ಹೋದಲ್ಲೆಲ್ಲ ಜೊತೆಗೆ ನಡೆಯುತ್ತಾರೆ. ಇದು ಅಪ್ಪಟ ನಾಟಕದವರ ಯೋಚನೆ. ನಮ್ಮ ನಾಟಕಗಳಲ್ಲಿ ಶನಿ ಬರುತ್ತಾನೆ, ಕಲಿ ಬರುತ್ತಾನೆ, ವೇಷ ಹಾಕಿಕೊಂಡು ಎದುರಿಗೇ ನಿಲ್ಲುತ್ತಾರೆ. ಹಳ್ಳಿಯ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಿಲ್ಲ. ಬಾಲಕನಾಗಿ ರಂಗದ ಮೇಲೆ ಕಂಡದ್ದನ್ನು ಅಯ್ಯರ್ ಅರವತ್ತು ದಾಟಿದ ಮೇಲೆ ಚಿತ್ರಕಥೆಯಲ್ಲಿ ತಂದಿಟ್ಟರು ಅಂತ ನನಗೆ ಅನಿಸುತ್ತದೆ. ಸಂಸ್ಕೃತ ಬಾರದ ನನ್ನಂಥವಳಿಗೂ ಆ ಇಬ್ಬರು ಯಾರು, ಯಾಕೆ ಇದ್ದಾರೆ ಅಂತ ಸಲೀಸಾಗಿ ತಿಳಿಯಿತು.

ಆ ಸಿನಿಮಾಕ್ಕೆ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ ಬಂದದ್ದು ತುಂಬಾ ಜನಕ್ಕೆ ಗೊತ್ತು. ಅದರ ಜೊತೆಗೇ ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿಯೂ ಅಯ್ಯರ್ ಅವರಿಗೆ ಬಂತು. ಇದನ್ನು ನಾನು ಬರೆಯಲು ಬರುವ ಹುಡುಗ ಹುಡುಗಿಯರಿಗೆ ಒತ್ತಿ ಹೇಳುತ್ತೇನೆ. ಅವರಲ್ಲಿ ಎಷ್ಟೋ ಜನ ನಾಟಕದಿಂದ ಬಂದವರು. "ಮೇಡಂ, ನಮ್ಮ ಡೈಲಾಗ್ ನಾಟಕ ನಾಟಕ ಅನಿಸುತ್ತೆ ಅಂತಾರೆ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ನಾನು ಈ ಸಿನಿಮಾ ಹಾಕಿ ತೋರಿಸುತ್ತೇನೆ. ಮೃತ್ಯು, ಪ್ರಜ್ಞೆ ಬರುವ ಸೀನ್‌ಗಳನ್ನು ತಮ್ಮ ಮಾತಿನಲ್ಲಿ ಮತ್ತೆ ಬರೆದು ತರೋಕೆ ಹೇಳುತ್ತೇನೆ. ಬರೆದು ತಂದಾಗ ಅವರಿಗೇ ಕಾಣುತ್ತದೆ, ಎಲ್ಲಿ ಮಾತು ಬೇಕಿರಲಿಲ್ಲ ಅಂತ.

ಆಮೇಲೆ 'ಮಧ್ವಾಚಾರ್ಯ', 'ರಾಮಾನುಜಾಚಾರ್ಯ', 'ಭಗವದ್ಗೀತೆ' ಬಂದವು. 'ಭಗವದ್ಗೀತೆ'ಗೂ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ ಬಂತು. 2003ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ ಅವರು ತೀರಿಕೊಂಡರು.

ಒಂದು ಕೋರಿಕೆ. ಅಯ್ಯರ್ ಬರೆದ ಚಿತ್ರಗಳ ಹಳೆಯ ಸ್ಕ್ರಿಪ್ಟ್, ಸಂಭಾಷಣೆ ಪ್ರತಿ, ಪದ್ಯಾವಳಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ನನಗೆ ಒಂದು ಮಾತು ತಿಳಿಸಿ. ನಾನೇ ಬಂದು ನೋಡುತ್ತೇನೆ, ಫೋಟೋ ತೆಗೆದುಕೊಂಡು ಅಲ್ಲೇ ವಾಪಸ್ ಕೊಡುತ್ತೇನೆ.