ಹರಿಕೇನ್ ಒಂದು ರಾತ್ರಿಯದು, ಕರೆಂಟಿಲ್ಲದ ಪಾಡು ಎರಡು ವಾರದ್ದು

ಫ್ಲೋರಿಡಾ ಎಂದರೆ ಮಯಾಮಿ, ಒರ್ಲಾಂಡೊ ಎಂದುಕೊಂಡವರೇ ಹೆಚ್ಚು. ಕೆಳಕ್ಕೆ ಚಾಚಿದ ರಾಜ್ಯ ಪಶ್ಚಿಮಕ್ಕೆ ಬಾಗುವ ಮೂಲೆಗೆ ಬಿಗ್ ಬೆಂಡ್ ಎನ್ನುತ್ತಾರೆ. ಟೇಲರ್, ಡಿಕ್ಸಿ, ಮ್ಯಾಡಿಸನ್ ಕೌಂಟಿಗಳು (ನಮ್ಮ ಜಿಲ್ಲೆಗಳ ಹಾಗೆ) ಇರುವುದು ಅಲ್ಲೇ. ಪೈನ್ ತೋಪು, ದನದ ಹುಲ್ಲುಗಾವಲು, ಮಣ್ಣುರಸ್ತೆ, ದೂರ ದೂರ ಮನೆಗಳು. ಹದಿಮೂರು ತಿಂಗಳಲ್ಲಿ ಮೂರು ಹರಿಕೇನ್ ಈ ಮೂಲೆಗೇ ಬಂದು ಬಡಿದವು: 2023ರ ಆಗಸ್ಟ್ 30ಕ್ಕೆ ಇಡಾಲಿಯಾ, 2024ರ ಆಗಸ್ಟ್ 5ಕ್ಕೆ ಡೆಬಿ, ಅದೇ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್. ಪೆರಿ ಎಂಬ ಊರಿನ ಹತ್ತಿರ ನೆಲ ಮುಟ್ಟಿದಾಗ ಹೆಲೀನ್ ಐದರ ಅಳತೆಯಲ್ಲಿ ನಾಲ್ಕನೇ ಕೆಟಗರಿಯದು. ಗಾಳಿಯ ವೇಗ ಗಂಟೆಗೆ 225 ಕಿ.ಮೀ. ಕೀಟನ್ ಬೀಚ್, ಸ್ಟೀನ್‌ಹ್ಯಾಚಿ ಕಡೆ ಸಮುದ್ರ 15 ಅಡಿಗೂ ಮಿಕ್ಕಿ ಉಕ್ಕಿತ್ತು.

ಟಿವಿಯಲ್ಲಿ ಕಾಣುವುದು ಗಾಳಿ ಮತ್ತು ಅಲೆ. ಹಳ್ಳಿಯವರು ತಯಾರಾಗುವುದು ಮಾತ್ರ ಗಾಳಿ ನಿಂತ ಮೇಲಿನ ಹತ್ತು-ಹದಿನೈದು ದಿನಗಳಿಗೆ. ಕರೆಂಟಿನವರು ಮೊದಲು ಸಬ್‌ಸ್ಟೇಷನ್, ಆಮೇಲೆ ಆಸ್ಪತ್ರೆ ಮತ್ತು ಪೇಟೆಯ ಫೀಡರ್, ಅಂದರೆ ಮುಖ್ಯ ಲೈನು, ಸರಿಮಾಡುತ್ತಾರೆ. ಲೈನಿನ ತುದಿಯಲ್ಲಿ ಮೂರೇ ಮನೆಯಿದ್ದರೆ ಅವುಗಳ ಸರದಿ ಕೊನೆಗೆ. ಇದರಲ್ಲಿ ಅನ್ಯಾಯವೇನಿಲ್ಲ, ಒಂದು ಕಂಬ ನಿಲ್ಲಿಸಿದರೆ ಎಷ್ಟು ಮನೆಗೆ ದೀಪ ಬರುತ್ತದೆ ಎಂಬ ಲೆಕ್ಕ ಅಷ್ಟೆ.

ಇರಬೇಕೋ ಹೊರಡಬೇಕೋ ಎನ್ನುವುದಕ್ಕೆ ಅಲ್ಲಿ ಒಂದು ಹಳೆಯ ಸೂತ್ರವಿದೆ: ಗಾಳಿಗೆ ಅಡಗು, ನೀರಿಗೆ ಓಡು. ಸಮುದ್ರ ಉಕ್ಕುವ ವಲಯದಲ್ಲಿ ಮನೆ ಎಷ್ಟೇ ಗಟ್ಟಿಯಿದ್ದರೂ ಹೊರಡಲೇಬೇಕು. ಒಳನಾಡಿನಲ್ಲಾದರೆ ಗಟ್ಟಿ ಮನೆಯವರು ಉಳಿಯಬಹುದು, ಮೊಬೈಲ್ ಹೋಮ್‌ನವರು, ಅಂದರೆ ಕಾರ್ಖಾನೆಯಲ್ಲಿ ಮಾಡಿ ತಂದಿಟ್ಟ ಹಗುರ ಮನೆಯವರು, ಉಳಿಯಕೂಡದು. ಕಬ್ಬಿಣದ ಪಟ್ಟಿ ಕಟ್ಟಿ ಆಂಕರ್ ಹೊಡೆದಿದ್ದರೂ ಅಷ್ಟೆ. ಕೌಂಟಿಯ ಆಶ್ರಯಕ್ಕೋ ಪಕ್ಕದ ಕಾಂಕ್ರೀಟ್ ಬ್ಲಾಕಿನ ಮನೆಗೋ ಬೆಳಕಿರುವಾಗಲೇ ಹೋಗಬೇಕು. ಯಾರು ಯಾರ ಮನೆಯಲ್ಲಿ ಮಲಗುತ್ತಾರೆಂದು ಜೂನ್ ತಿಂಗಳಲ್ಲೇ ಮಾತಾಡಿಕೊಂಡಿರುವ ರಸ್ತೆಯಲ್ಲಿ ಕೊನೆ ಗಳಿಗೆಯ ಸಂಕೋಚ ಇರುವುದಿಲ್ಲ. ಕಿಟಕಿಗೆ ಟೇಪ್ ಅಂಟಿಸುವುದು ದಂಡ. 5/8 ಇಂಚಿನ ಪ್ಲೈವುಡ್ಡನ್ನು ಗೋಡೆಯ ಚೌಕಟ್ಟಿಗೆ ಸ್ಕ್ರೂ ಹಾಕಿ ಬಿಗಿಯಬೇಕು. ಅದಕ್ಕಿಂತ ಮುಖ್ಯ ಗ್ಯಾರೇಜ್ ಬಾಗಿಲು. ಅದು ಒಳಕ್ಕೆ ಕುಸಿದರೆ ನುಗ್ಗಿದ ಗಾಳಿ ಚಾವಣಿಯನ್ನು ಕೆಳಗಿನಿಂದ ಎತ್ತುತ್ತದೆ. ರಾತ್ರಿ ಒಳಗಿನ ಕೋಣೆಗಳ ಬಾಗಿಲುಗಳನ್ನೂ ಮುಚ್ಚಿಡುವುದು ಇದೇ ಕಾರಣಕ್ಕೆ.

ಇನ್ನು ನೀರು. ಈ ಪ್ರದೇಶದಲ್ಲಿ ಮನೆಮನೆಗೂ ಬೋರ್‌ವೆಲ್, ಒಳಗೆ ಸಬ್‌ಮರ್ಸಿಬಲ್ ಪಂಪ್. ಕರೆಂಟು ಹೋಯಿತೆಂದರೆ ನಲ್ಲಿ ಒಣಗಿತು. ನಾಲ್ಕಿಂಚಿನ ಕೇಸಿಂಗಿನಲ್ಲಿ ಕೊಡ ಇಳಿಸಿ ಸೇದುವ ಮಾತಿಲ್ಲ. ಹೊಸಬರು ಎಡವುವುದು ಇಲ್ಲೇ. ನಮ್ಮ ಕಡೆ ಮನೆಯ ಪ್ಲಗ್ಗೇ 230 ವೋಲ್ಟ್. ಅಮೆರಿಕದಲ್ಲಿ ಪ್ಲಗ್ 120, ಪಂಪ್ ಸಾಮಾನ್ಯವಾಗಿ 240. ಅಂಗಡಿಯಿಂದ ತಂದ 2000 ವ್ಯಾಟಿನ ಸಣ್ಣ ಜನರೇಟರ್ ಫ್ರಿಜ್ಜು, ಫ್ಯಾನು ಓಡಿಸುತ್ತದೆ, ಪಂಪನ್ನು ಅಲುಗಿಸುವುದಿಲ್ಲ. ಅಂಥವು ಎರಡನ್ನು ಜೋಡಿಸಿದರೆ ವ್ಯಾಟ್ ಹೆಚ್ಚುತ್ತದೆಯೇ ಹೊರತು ವೋಲ್ಟ್ ಅಲ್ಲ. ಒಂದು ಎಚ್‌ಪಿ ಪಂಪ್ ಓಡುವಾಗ ಸುಮಾರು 2000 ವ್ಯಾಟ್ ಎಳೆಯುತ್ತದೆ, ಸ್ಟಾರ್ಟ್ ಆಗುವ ಕ್ಷಣ ಅದರ ಮೂರು ಪಟ್ಟೋ ಇನ್ನೂ ಹೆಚ್ಚೋ. ಆದ್ದರಿಂದ ನಾಲ್ಕು ಪಿನ್ನಿನ 30 ಆಂಪಿಯರ್ ಸಾಕೆಟ್ ಇರುವ, 7000 ವ್ಯಾಟ್ ಆಸುಪಾಸಿನ ಜನರೇಟರ್ ಬೇಕು. ಕೊಳ್ಳುವ ಮೊದಲು ಪಂಪಿನ ಕಂಟ್ರೋಲ್ ಬಾಕ್ಸಿನ ಮೇಲಿನ ಅಂಕಿಗಳನ್ನು ಓದಿಕೊಳ್ಳಿ. ಊರಾಚೆ ಐದೆಕರೆ ಕೊಳ್ಳುವ ಆಸೆಯಿರುವ ಟ್ಯಾಂಪಾ, ಅಟ್ಲಾಂಟಾ ಕಡೆಯ ಕನ್ನಡಿಗರು ಮನೆ ನೋಡಲು ಹೋದಾಗ ಅಡುಗೆಮನೆಯ ಗ್ರಾನೈಟಿಗಿಂತ ಮೊದಲು ನೋಡಬೇಕಾದ್ದು ಆ ಪೆಟ್ಟಿಗೆಯನ್ನು.

ಪಂಪ್ ಎತ್ತಿದ ನೀರನ್ನು ಗಾಳಿಯ ಒತ್ತಡದಲ್ಲಿ ಹಿಡಿದಿಟ್ಟು ನಲ್ಲಿಗೆ ಕೊಡುವ ಪ್ರೆಶರ್ ಟ್ಯಾಂಕಿನಲ್ಲಿ ನೀರಿದೆಯಲ್ಲ ಎಂದು ನೆಚ್ಚಬೇಡಿ. 20 ಗ್ಯಾಲನ್ ಟ್ಯಾಂಕಿನಿಂದ ಪಂಪ್ ಇಲ್ಲದೆ ಸಿಗುವುದು ಐದಾರು ಗ್ಯಾಲನ್, ಅಂದರೆ ಇಪ್ಪತ್ತು ಲೀಟರ್ ಚಿಲ್ಲರೆ, ಉಳಿದದ್ದು ಗಾಳಿ. ಆ ಗಾಳಿ ಸೋರಿ ಟ್ಯಾಂಕ್ ನೀರು ತುಂಬಿ ಕೂತರೆ ಪಂಪ್ ಕ್ಷಣಕ್ಕೊಮ್ಮೆ ಆನ್-ಆಫ್ ಆಗುತ್ತದೆ. ಪ್ರತಿ ಆನ್‌ಗೂ ಆ ಮೂರು ಪಟ್ಟು ಎಳೆತ. ಲೈನಿನ ಕರೆಂಟಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಜನರೇಟರ್ ಮಾತ್ರ ಟ್ರಿಪ್ ಆಗುತ್ತಲೇ ಇರುತ್ತದೆ. ಮೇ ತಿಂಗಳಲ್ಲೇ ಪಂಪ್ ಆಫ್ ಮಾಡಿ, ಟ್ಯಾಂಕ್ ಪೂರ್ತಿ ಬರಿದು ಮಾಡಿ, ಟೈರ್ ಗೇಜ್ ಹಿಡಿದು ನೋಡಿ: 40/60 ಸ್ವಿಚ್ಚಿದ್ದರೆ, ಅಂದರೆ ಒತ್ತಡ 40ಕ್ಕಿಳಿದಾಗ ಪಂಪ್ ಆನ್ ಆಗಿ 60ಕ್ಕೆ ಆಫ್ ಆಗುವಂಥದ್ದಾದರೆ, 38 ಪಿಎಸ್‌ಐ ಇರಬೇಕು. ಕಮ್ಮಿಯಿದ್ದರೆ ಸೈಕಲ್ ಪಂಪೇ ಸಾಕು. ಜನರೇಟರಿನಲ್ಲಿ ಪಂಪ್ ಓಡಿಸುವಾಗ 4500 ವ್ಯಾಟಿನ ಗೀಸರ್‌ನ ಬ್ರೇಕರ್ ಕೆಳಗಿರಲಿ.

ಜನರೇಟರನ್ನು ಮನೆಯ ಪ್ಯಾನೆಲ್ಲಿಗೆ ಜೋಡಿಸಲು ಇಂಟರ್‌ಲಾಕ್ ಬೇಕು. ಮೇನ್ ಆಫ್ ಆಗದೆ ಜನರೇಟರ್ ಬ್ರೇಕರ್ ಆನ್ ಆಗದಂತೆ ತಡೆಯುವ ತಗಡಿನ ತುಂಡು ಅದು, ಅಷ್ಟೆ. ಅದಿಲ್ಲದೆ ಎರಡೂ ತುದಿಗೆ ಗಂಡು ಪ್ಲಗ್ಗಿರುವ ವೈರ್ ಮಾಡಿಕೊಂಡು ಬಟ್ಟೆ ಒಣಗಿಸುವ ಡ್ರೈಯರ್‌ನ ಸಾಕೆಟ್ಟಿಗೆ ಚುಚ್ಚುವವರಿದ್ದಾರೆ. ಆ 240 ವೋಲ್ಟ್ ಕಂಬದ ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖ ಹರಿದು ಸಾವಿರಾರು ವೋಲ್ಟ್ ಆಗುತ್ತದೆ. ಸತ್ತ ಲೈನೆಂದು ಕೈಹಾಕಿದ ಲೈನ್‌ಮನ್ ಸಾಯುತ್ತಾನೆ. ಇದಕ್ಕೆ ಯಾವ ನೆಪವೂ ಒಪ್ಪತಕ್ಕದ್ದಲ್ಲ. ಹೊಗೆಯ ವಿಷಯವೂ ಹಾಗೇ: ಮನೆಯಿಂದ 20 ಅಡಿ ದೂರ, ಸೈಲೆನ್ಸರ್ ಕಿಟಕಿಯ ಕಡೆ ಮುಖ ಮಾಡದಂತೆ. ಮಳೆಗೆ ನೆನೆಯುತ್ತದೆಂದು ಪೋರ್ಚಿನೊಳಗೋ ಗ್ಯಾರೇಜಿಗೋ ಎಳೆದುಕೊಂಡವರನ್ನು ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಮುಗಿಸುತ್ತದೆ. ಗಾಳಿಯಿಂದ ಬದುಕುಳಿದವರು ಹೀಗೆ ಸಾಯುವುದು ಹಲವು ಹರಿಕೇನುಗಳಲ್ಲಿ ನಡೆದಿದೆ.

ಜನರೇಟರನ್ನು ಇಡೀ ದಿನ ಓಡಿಸಿದರೆ 12ರಿಂದ 18 ಗ್ಯಾಲನ್ ಪೆಟ್ರೋಲು ಬೇಕು. ಕರೆಂಟಿಲ್ಲದ ಬಂಕು ಪೆಟ್ರೋಲ್ ಎತ್ತಲಾರದು, ಕಾರ್ಡ್ ಮೆಷೀನೂ ಕೆಲಸ ಮಾಡದು. ಕೈಯಲ್ಲಿ ಸಣ್ಣ ನೋಟುಗಳಿರಲಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎರಡೆರಡು ಗಂಟೆ ಓಡಿಸಿದರೆ ನಾಲ್ಕೈದು ಗ್ಯಾಲನ್ನಿನಲ್ಲಿ ಸಾಗುತ್ತದೆ. ತುಂಬಿದ ಫ್ರೀಜರ್ ಮುಚ್ಚಿಟ್ಟರೆ ಹೇಗೂ 48 ಗಂಟೆ ತಾಳುತ್ತದೆ, ಅರ್ಧ ತುಂಬಿದ್ದು 24. ಎಥನಾಲ್ ಬೆರೆತ ಪೆಟ್ರೋಲ್ ಕೆಲವೇ ತಿಂಗಳಲ್ಲಿ ಕಾರ್ಬ್ಯುರೇಟರಿನಲ್ಲಿ ಅಂಟಾಗಿ ಕೂರುತ್ತದೆ, ಆದ್ದರಿಂದ ಅಲ್ಲಿಯವರು ರೆಕ್-90 ಎಂಬ ಎಥನಾಲ್ ಇಲ್ಲದ ಪೆಟ್ರೋಲನ್ನೇ ಶೇಖರಿಸುತ್ತಾರೆ. ಇಂಜಿನ್ ಸಾಯುವುದು ಹೆಚ್ಚಾಗಿ ಪೆಟ್ರೋಲಿನಿಂದಲ್ಲ, ಆಯಿಲ್ ಇಲ್ಲದೆ. ಎಂಟು ಗಂಟೆಗೊಮ್ಮೆ ಆಯಿಲ್ ಅಳೆಯುವ ಕಡ್ಡಿ ಎತ್ತಿ ನೋಡಬೇಕು. ಹೊಸ ಇಂಜಿನ್ನಾದರೆ ಮೊದಲ 20-25 ಗಂಟೆಗೇ ಆಯಿಲ್ ಬದಲಿಸಬೇಕು. ಹರಿಕೇನಿಗೆಂದು ಹಿಂದಿನ ದಿನ ಕೊಂಡ ಜನರೇಟರಿಗೆ ಆ ಗಳಿಗೆ ಮೂರ್ನಾಲ್ಕನೇ ದಿನಕ್ಕೇ ಬರುತ್ತದೆ, ಆಗ ಯಾವ ಅಂಗಡಿಯೂ ತೆರೆದಿರುವುದಿಲ್ಲ.

ಇಷ್ಟೆಲ್ಲ ಒಂದೊಂದು ಮನೆಯೂ ಮಾಡಬೇಕಿಲ್ಲ. ಪಳಗಿದ ರಸ್ತೆಗಳಲ್ಲಿ ಒಂದು ಕಾಗದ ಇರುತ್ತದೆ: ಯಾರಲ್ಲಿ 240 ವೋಲ್ಟಿನ ಜನರೇಟರ್, ಯಾರಲ್ಲಿ ಟ್ರಾಕ್ಟರ್, ಯಾರಲ್ಲಿ ಗರಗಸ, ಯಾರಿಗೆ ಇನ್ಸುಲಿನ್, ಯಾರಿಗೆ ಆಕ್ಸಿಜನ್ ಯಂತ್ರ. ಬೋರ್ ಓಡುವ ಎರಡು ಮನೆಯಿದ್ದರೆ ಹತ್ತು ಮನೆಗೆ ನೀರಾಯಿತು. ಬೆಳಿಗ್ಗೆ ಪಂಪ್ ಆನ್ ಆದಾಗ ಕ್ಯಾನುಗಳ ಸಾಲು, ಹಿಂದೆಯೇ ಟ್ರೈಲರಿನ ಮೇಲೆ ದನಗಳಿಗೆಂದು 275 ಗ್ಯಾಲನ್ನಿನ ಪ್ಲಾಸ್ಟಿಕ್ ಟ್ಯಾಂಕು. ಮೊಬೈಲ್ ಟವರಿನ ಬ್ಯಾಟರಿ ಬೇಗ ಮುಗಿಯುತ್ತದೆ, ಹಾಗಾಗಿ ಮನೆಗಳ ನಡುವೆ ಜಿಎಂಆರ್‌ಎಸ್ ಎಂಬ ರೇಡಿಯೊ ತರಂಗದ ವಾಕಿಟಾಕಿ. ಹೆಲೀನ್ ಮಳೆಯಾಗಿ ಉತ್ತರ ಕೆರೊಲಿನಾದ ಬೆಟ್ಟಗಳ ಮೇಲೆ ಸುರಿದಾಗ ಮೌಂಟ್ ಮಿಚೆಲ್ ಮೇಲಿನ 145.190 ಮೆಗಾಹರ್ಟ್ಸ್ ಹ್ಯಾಮ್ ರಿಪೀಟರ್ (ಹವ್ಯಾಸಿ ರೇಡಿಯೊದವರ ದನಿಯನ್ನು ದೂರಕ್ಕೆ ದಾಟಿಸುವ ಯಂತ್ರ) ಒಂದೇ ಎಷ್ಟೋ ಕಣಿವೆಗಳಿಗೆ ದನಿಯಾಗಿತ್ತು. ರಸ್ತೆಗಳೇ ಕೊಚ್ಚಿಹೋದ ಕಡೆ ಹೇಸರಗತ್ತೆಗಳ ಮೇಲೆ ಸಾಮಾನು ಹೊತ್ತರು.

ಗಾಳಿ ದಿಢೀರನೆ ನಿಂತರೆ ಹೊರಗೆ ಬರಬೇಡಿ, ಅದು ಹರಿಕೇನಿನ ಕಣ್ಣು, ಅಂದರೆ ನಡುವಿನ ಶಾಂತ ಭಾಗ, ಹಾಯುತ್ತಿರುವುದಿರಬಹುದು. ಆಮೇಲಿನ ಗಾಳಿ ಎದುರು ದಿಕ್ಕಿನಿಂದ ಬರುತ್ತದೆ. ಮೊದಲರ್ಧದಲ್ಲಿ ಬೇರು ಸಡಿಲವಾದ ಮರಗಳು ಆಗ ಉರುಳುತ್ತವೆ. ವಾಟರ್ ಓಕ್, ಲಾರೆಲ್ ಓಕ್ ಮೊದಲು ಬೀಳುವ ಜಾತಿ, ಲೈವ್ ಓಕ್ ನಿಲ್ಲುವ ಜಾತಿ. ಬೆಳಕಾದ ಮೇಲೆ ರಸ್ತೆ ಬಿಡಿಸುವ ಕೆಲಸ. ಗರಗಸದವರು ಇಬ್ಬರು, ನೋಡುವವನೊಬ್ಬ, ತಳ್ಳಲು ಟ್ರಾಕ್ಟರ್. ಮರದೊಳಗೆ ವೈರ್ ಸಿಕ್ಕಿದ್ದರೆ ಆ ಮರ ಮುಟ್ಟುವಂತಿಲ್ಲ. ಬಾಗಿ ನಿಂತ ಕೊಂಬೆಯ ಹೊರಮೈ ಎಳೆತದಲ್ಲಿರುತ್ತದೆ, ಒಳಮೈ ಒತ್ತಡದಲ್ಲಿ. ಒತ್ತಡದ ಕಡೆಯಿಂದಲೇ ಪೂರ್ತಿ ಕೊಯ್ದರೆ ಗರಗಸದ ಬಾರ್ (ಚೈನ್ ಸುತ್ತುವ ಪಟ್ಟಿ) ಮರದಲ್ಲಿ ಕಚ್ಚಿಕೊಳ್ಳುತ್ತದೆ. ಎಳೆತದ ಕಡೆ ಒಮ್ಮೆಲೇ ಆಳಕ್ಕೆ ಇಳಿಸಿದರೆ ಕೊಂಬೆ ಸಿಡಿದು ಎದೆಗೆ ಹೊಡೆಯುತ್ತದೆ. ಒತ್ತಡದ ಕಡೆ ಸ್ವಲ್ಪ ಕೊಯ್ದು, ಪಕ್ಕಕ್ಕೆ ನಿಂತು, ಎಳೆತದ ಕಡೆಯಿಂದ ಸ್ವಲ್ಪ ಸ್ವಲ್ಪವೇ ಮುಗಿಸಬೇಕು. ಬುಡಸಮೇತ ಕಿತ್ತ ಮರ ಇನ್ನೂ ಮೋಸದ್ದು: ಕಾಂಡ ಕತ್ತರಿಸಿದ ಕ್ಷಣ ಬೇರಿನ ಗಡ್ಡೆ ಮತ್ತೆ ಹಳ್ಳಕ್ಕೆ ಮಗುಚಿ ಕೂರಬಹುದು. ಆ ಹಳ್ಳದ ಹತ್ತಿರ ಮಕ್ಕಳು ಸುಳಿಯಬಾರದು.

ದನಕರುಗಳ ಬೇಲಿ ನೋಡಲು ಹೋದಾಗ ಬಿದ್ದ ಮರ ಯಾವುದೆಂದೂ ನೋಡಿ. ಕಾಡುಚೆರಿಯ ಬಾಡಿದ ಎಲೆಯಲ್ಲಿ ಸೈನೈಡ್ ಬಿಡುಗಡೆಯಾಗುತ್ತದೆ, ತಿಂದ ದನ ಅಲ್ಲೇ ಬೀಳುತ್ತದೆ. ರೆಡ್ ಮೇಪಲ್‌ನ ಬಾಡಿದ ಎಲೆ ಕುದುರೆಗೆ ವಿಷ. ಬೇಲಿ ಕಟ್ಟುವುದು ಆಮೇಲೆ, ಮೊದಲು ಆ ಕೊಂಬೆಗಳನ್ನು ಎಳೆದು ಹೊರಗೆ ಹಾಕಿ.

ಬೋರಿನ ಬಾಯಿ ನೆರೆನೀರಿನಲ್ಲಿ ಮುಳುಗಿದ್ದರೆ ಕ್ಲೋರಿನ್ ಹಾಕಿ ತೊಳೆದು, ಕೌಂಟಿ ಆರೋಗ್ಯ ಇಲಾಖೆಯ ಪರೀಕ್ಷೆ ಮುಗಿಯುವವರೆಗೆ ಕುಡಿಯಬೇಡಿ. ಅಲ್ಲಿಯವರೆಗೆ ಕುದಿಸಿ, ಇಲ್ಲವೇ ತಿಳಿನೀರಿಗೆ ಲೀಟರಿಗೆ ಎರಡು ಹನಿಯಂತೆ ವಾಸನೆಯಿಲ್ಲದ ಶೇ. 6ರ ಬ್ಲೀಚ್ ಹಾಕಿ ಅರ್ಧ ಗಂಟೆ ಬಿಡಿ. ನೆಲ ನೀರು ಕುಡಿದು ಉಬ್ಬಿರುವಾಗ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸುವ ಉತ್ಸಾಹ ಬೇಡ, ಬರಿದಾದ ಟ್ಯಾಂಕ್ ತೇಲಿ ಪೈಪು ಮುರಿದುಕೊಳ್ಳುತ್ತದೆ.

ಇನ್ನೊಂದು ವಿಷಯ ಬಹಳ ಮಂದಿಗೆ ಲೈನ್‌ಮನ್ ಬಂದ ದಿನವೇ ಗೊತ್ತಾಗುವುದು. ಕಂಬದಿಂದ ಬಂದ ವೈರ್ ಇಳಿಯುವ ಚಾವಣಿಯ ಮೇಲಿನ ಪೈಪು, ಮೀಟರಿನ ಪೆಟ್ಟಿಗೆ ಸಾಮಾನ್ಯವಾಗಿ ಮನೆಯವರ ಆಸ್ತಿ. ವೈರ್ ಎಳೆದುಕೊಂಡು ಬಿದ್ದ ಮರ ಆ ಪೈಪನ್ನು ಬಗ್ಗಿಸಿದ್ದರೆ ಕರೆಂಟಿನವರು ಆ ಮನೆಗೆ ಜೋಡಿಸದೆ ಮುಂದೆ ಹೋಗುತ್ತಾರೆ, ಎಲೆಕ್ಟ್ರಿಷಿಯನ್ ಸರಿಮಾಡಿ ತಪಾಸಣೆ ಆದ ಮೇಲೆಯೇ ಮತ್ತೆ ಬರುವುದು. ಆದ್ದರಿಂದ ಮೊದಲ ಬೆಳಿಗ್ಗೆಯೇ ನೆಲದಲ್ಲಿ ನಿಂತು ಆ ಪೈಪಿನ ಫೋಟೊ ತೆಗೆಯಿರಿ, ಸೊಟ್ಟಗಿದ್ದರೆ ಅಂದೇ ಎಲೆಕ್ಟ್ರಿಷಿಯನ್ನನ ಪಟ್ಟಿಯಲ್ಲಿ ಹೆಸರು ಬರೆಸಿ.