ತಪ್ಪಿದ ದಿನಕ್ಕಿಂತ ಅದರ ಮರುದಿನ ಮುಖ್ಯ

ವ್ಯಾಯಾಮ ಶುರು ಮಾಡಿದವರು, ಊಟ ಸರಿ ಮಾಡಿಕೊಳ್ಳಬೇಕು ಅಂತ ಹೊರಟವರು ಎಲ್ಲಿ ಕೈಬಿಡುತ್ತಾರೆ ಗೊತ್ತಾ? ಮೊದಲ ವಾರದಲ್ಲಿ ಅಲ್ಲ, ಆಗ ಹುರುಪು ಬೇಕಾದಷ್ಟು ಇರುತ್ತದೆ. ಒಂದು ದಿನ ತಪ್ಪುತ್ತದಲ್ಲ, ಅದರ ಮರುದಿನ. ರಾತ್ರಿ ಮಲಗಿದ್ದು ತಡವಾಗಿ ಬೆಳಗ್ಗೆ ಏಳಲಾಗಲಿಲ್ಲ, ಅಥವಾ ನೆಂಟರ ಮನೆಯಲ್ಲಿ ಊಟ ಜಾಸ್ತಿಯಾಯಿತು. ಅಷ್ಟಕ್ಕೇ "ಹೇಗೂ ಕೆಟ್ಟಿತು, ಸೋಮವಾರದಿಂದ ಹೊಸದಾಗಿ ಶುರು ಮಾಡೋಣ" ಅನಿಸುತ್ತದೆ. ಬುಧವಾರ ತಪ್ಪಿದ್ದಕ್ಕೆ ಗುರು, ಶುಕ್ರ, ಶನಿ, ಭಾನುವಾರಗಳೂ ಸುಮ್ನೆ ಕೈಬಿಟ್ಟು ಹೋಗುತ್ತವೆ.

ಇದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ, ಯಾಕಂದ್ರೆ ಒಂದು ದಿನ ತಪ್ಪಿದ ಮಾತ್ರಕ್ಕೆ ಅಭ್ಯಾಸ ಕೆಡುವುದಿಲ್ಲ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ ಬರೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರೂ ತಿನ್ನುವ, ಕುಡಿಯುವ ಅಥವಾ ವ್ಯಾಯಾಮದ ಒಂದು ಸಣ್ಣ ಕೆಲಸ ಆರಿಸಿಕೊಂಡು ಅದನ್ನು ದಿನಾ ಒಂದೇ ಸಂದರ್ಭದಲ್ಲಿ ಮಾಡಬೇಕಿತ್ತು. ಯೋಚಿಸದೆ ತಾನಾಗೇ ನಡೆಯುವ ಮಟ್ಟಕ್ಕೆ ಅದು ಬರಲು ಅರ್ಧದಷ್ಟು ಜನರಿಗೆ 66 ದಿನಕ್ಕಿಂತ ಜಾಸ್ತಿ ಬೇಕಾಯಿತು. ಯಾರಿಗೋ 18 ದಿನ ಸಾಕಾದರೆ ಇನ್ಯಾರಿಗೋ, 12 ವಾರ ಮುಗಿದ ಮೇಲಿನದನ್ನೂ ಅಂದಾಜು ಮಾಡಿದಾಗ, 254 ದಿನ ಬೇಕು ಅಂತ ಲೆಕ್ಕ ಬಂತು. ನೀರು ಕುಡಿಯುವಂಥ ಕೆಲಸ ಬೇಗ ಕೂತಿತು, ವ್ಯಾಯಾಮ ನಿಧಾನವಾಯಿತು. ನಡುವೆ ಒಂದು ಸಲ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ಹಾಗಾಗಿ 21 ದಿನ ಮಾಡಿಬಿಟ್ಟರೆ ಅಭ್ಯಾಸವಾಗುತ್ತದೆ ಅನ್ನುವ ಮಾತನ್ನು ನಂಬಿಕೊಂಡು, 22ನೇ ದಿನವೂ ಏಳಲು ಕಷ್ಟವಾದರೆ ತನ್ನಲ್ಲೇ ಏನೋ ಕೊರತೆ ಇದೆ ಅಂತ ಯಾರೂ ಕೊರಗಬೇಕಿಲ್ಲ.

ಮನಸ್ಸು ಕುಗ್ಗಿಸುವ ಇನ್ನೊಂದು ವಸ್ತು ತೂಕದ ಮಷಿನ್. ಡಯಟ್ ಶುರುವಾದ ಮೊದಲ ವಾರ ತೂಕ ಸರ್ರನೆ ಇಳಿಯುತ್ತದೆ, ಖುಷಿಯಾಗುತ್ತದೆ. ಆದರೆ ಅದರಲ್ಲಿ ಹೆಚ್ಚಿನ ಪಾಲು ನೀರು. ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯ ಒಂದೊಂದು ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರೂ ಇರುತ್ತದೆ, ಅದು ಖಾಲಿಯಾದಾಗ ಇದೂ ಹೋಗುತ್ತದೆ. ಮುಂದೆ ಒಂದು ರಾತ್ರಿ ಉಪ್ಪು ಜಾಸ್ತಿ ಇರುವ ಊಟ ಮಾಡಿದರೆ ಬೆಳಗ್ಗೆ ಮುಳ್ಳು ಒಂದು ಕಿಲೋ ಮೇಲೆ ಹೋಗಿರಬಹುದು. ಅದು ಕೊಬ್ಬಲ್ಲ, ಒಂದೇ ರಾತ್ರಿಯಲ್ಲಿ ಅಷ್ಟು ಕೊಬ್ಬು ಸೇರಲು ಸಾಧ್ಯವೂ ಇಲ್ಲ. ದಿನಾ ಮಷಿನ್ ಹತ್ತಿ ಬೇಜಾರು ಮಾಡಿಕೊಳ್ಳುವ ಬದಲು ಮೆಟ್ಟಿಲು ಹತ್ತುವಾಗ ಎಷ್ಟು ಏದುಸಿರು ಬರುತ್ತದೆ, ರಾತ್ರಿ ನಿದ್ದೆ ಹೇಗಿದೆ ಅಂತ ನೋಡಿಕೊಳ್ಳಿ. ಇವು ತೂಕಕ್ಕಿಂತ ಮೊದಲೇ ಸುಧಾರಿಸುವುದುಂಟು.

ಸರಿ, ತಪ್ಪಿದ ಮರುದಿನ ಏನು ಮಾಡೋದು? ಎರಡು ದಿನದ್ದನ್ನು ಒಂದೇ ದಿನ ಮಾಡಲು ಮಾತ್ರ ಹೋಗಬೇಡಿ. ಮೈಕೈ ನೋವು ಮರುದಿನಕ್ಕೂ ಅದರ ಮರುದಿನಕ್ಕೂ ಜೋರಾಗುತ್ತದೆ, ಮತ್ತೆ ತಪ್ಪಿಸಲು ಅದೇ ಒಂದು ನೆಪ. ಊಟದಲ್ಲೂ ಹಾಗೇ, ನಿನ್ನೆ ಜಾಸ್ತಿ ತಿಂದೆ ಅಂತ ಇವತ್ತು ಹೊಟ್ಟೆ ಖಾಲಿ ಬಿಟ್ಟರೆ ಸಂಜೆ ಹೊತ್ತಿಗೆ ಹಸಿವು ತಡೆಯಲಾಗದೆ ಕೈ ನೇರ ಕರಿದ ತಿಂಡಿಯ ಪ್ಯಾಕೆಟ್ಟಿಗೇ ಹೋಗುತ್ತದೆ, ಫೋನ್ ನೋಡುತ್ತಾ ಕೂತರೆ ಬೆರಳು ಪ್ಯಾಕೆಟ್ಟಿನ ತಳ ಮುಟ್ಟುವವರೆಗೂ ಎಷ್ಟು ತಿಂದೆವು ಅನ್ನೋದೇ ಗೊತ್ತಾಗುವುದಿಲ್ಲ. ಎಂದಿನ ಊಟ ಎಂದಿನ ಹೊತ್ತಿಗೆ ಮಾಡಿ, ಸಾಕು. ವ್ಯಾಯಾಮಕ್ಕೆ ಮನಸ್ಸಿಲ್ಲದಿದ್ದರೆ ಶೂ ಹಾಕಿಕೊಂಡು ಐದೇ ನಿಮಿಷ ನಡೆದು ಬನ್ನಿ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೊಂದು ಸಲಕ್ಕೆ ಕನಿಷ್ಠ 10 ನಿಮಿಷ ಇರಲೇಬೇಕು ಅನ್ನುವ ಹಳೆಯ ಷರತ್ತನ್ನು 2020ರಲ್ಲಿ ಅದೇ ಸಂಸ್ಥೆ ತೆಗೆದುಹಾಕಿದೆ. ಅಂದರೆ ನಿಮ್ಮ ಐದು ನಿಮಿಷವೂ ಲೆಕ್ಕಕ್ಕಿದೆ.

ತಪ್ಪುವ ದಿನಕ್ಕೂ ಮೊದಲೇ ಒಂದು ಏರ್ಪಾಡು ಇಟ್ಟುಕೊಳ್ಳೋದು ಒಳ್ಳೆಯದು. "ಬೆಳಗ್ಗೆ ಆಗದಿದ್ದರೆ ಸಂಜೆ ಮನೆಗೆ ಬಂದು ಬಟ್ಟೆ ಬದಲಿಸುವಾಗ ವಾಕಿಂಗ್ ಬಟ್ಟೆಯನ್ನೇ ಹಾಕಿಕೊಳ್ಳುತ್ತೇನೆ" ಅನ್ನುವಷ್ಟು ಸ್ಪಷ್ಟವಾಗಿರಬೇಕು. "ನೋಡೋಣ, ಟೈಮ್ ಸಿಕ್ಕಿದರೆ ಹೋಗ್ತೀನಿ" ಅಂದರೆ ಹೋಗುವುದಿಲ್ಲ. ಹೀಗಾದರೆ ಹೀಗೆ ಮಾಡುತ್ತೇನೆ ಅಂತ ಮೊದಲೇ ನಿರ್ಧರಿಸಿದವರು ಅಂದುಕೊಂಡದ್ದನ್ನು ಹೆಚ್ಚು ಮಾಡಿ ಮುಗಿಸುತ್ತಾರೆ ಅಂತ ಮನಃಶಾಸ್ತ್ರಜ್ಞ ಪೀಟರ್ ಗೊಲ್ವಿಟ್ಜರ್ 1999ರಲ್ಲೇ ಬರೆದಿದ್ದಾರೆ, ನನಗೂ ಹುರುಪಿನ ಭಾಷಣಗಳಿಗಿಂತ ಇದರ ಮೇಲೇ ನಂಬಿಕೆ ಜಾಸ್ತಿ.

ಮನೆಯವರಿಗೂ ಒಂದು ಮಾತು. ಯಾರಾದರೂ ಒಂದು ದಿನ ತಪ್ಪಿಸಿದರೆ "ಏನು, ಎರಡೇ ದಿನಕ್ಕೆ ಮುಗೀತಾ?" ಅಂತ ದಯವಿಟ್ಟು ಕೇಳಬೇಡಿ. ಮೊದಲೇ ಒಳಗೊಳಗೆ ಬೈದುಕೊಳ್ಳುತ್ತಿರುವವರು ಆ ಮಾತಿಗೆ ಪೂರ್ತಿ ಕೈಬಿಡುತ್ತಾರೆ. ಆಗುವುದಾದರೆ ಅವತ್ತು ನೀವೂ ಅವರ ಜೊತೆ ಒಂದು ಸುತ್ತು ಹೋಗಿ ಬನ್ನಿ.